ಪುಸ್ತಕ ಮುಚ್ಚಿ ಹೇಳು: ಮಗಳ ಎಸ್‌ಎಸ್‌ಎಲ್‌ಸಿ ವರ್ಷ ನಮ್ಮ ಮನೆಯಲ್ಲಿ ಮಾಡಿದ್ದು

ನಮ್ಮದು ಗದಗ-ಬೆಟಗೇರಿ. ಮನೆಯ ಮುಂದಿನ ಖೋಲಿಯಲ್ಲೇ ನನ್ನ ಹೊಲಿಗೆ ಮಷಿನ್ ಇದೆ. ನಾನು ಓದಿದ್ದು ಪಿಯುಸಿ ಆರ್ಟ್ಸ್. ಮಗಳು ಹತ್ತನೇ ತರಗತಿಗೆ ಬಂದಾಗ ಅವಳ ಗಣಿತ, ವಿಜ್ಞಾನ ಹೇಳಿಕೊಡುವಷ್ಟು ನನಗೆ ಬರುತ್ತಿರಲಿಲ್ಲ. ಆದರೂ ಆ ವರ್ಷ ಅವಳ ಓದು ಸುಧಾರಿಸಿದ್ದು ಮನೆಯಲ್ಲೇ. ಪಾಠ ಗೊತ್ತಿಲ್ಲದ ತಂದೆ-ತಾಯಿಯೂ ಮಾಡಬಹುದಾದ ಕೆಲಸ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಓದುವುದರಲ್ಲಿ ಸೋಮಾರಿ ಅಲ್ಲ. ಸಂಜೆ ಕೂತರೆ ತಾಸುಗಟ್ಟಲೆ ಕೂರುತ್ತಿದ್ದಳು. ಸಾಲುಗಳ ಕೆಳಗೆ ಬಣ್ಣಬಣ್ಣದ ಗೆರೆ, ಗೈಡ್ ನೋಡಿ ಬರೆದ ಉದ್ದುದ್ದ ಉತ್ತರ, ಎಲ್ಲ ಇತ್ತು. ಅಂಕ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಅವಳು ಕಿತ್ತೂರು ಚೆನ್ನಮ್ಮನ ಪಾಠ ಓದಿ ಮುಗಿಸಿದಳು. ನಮ್ಮ ಕಡೆಯ ಮಕ್ಕಳಿಗೆ ಅದು ಗೊತ್ತಿಲ್ಲದ ಕಥೆಯೇ? ನಾನು ರವಿಕೆಗೆ ಹುಕ್ ಹಚ್ಚುತ್ತಾ ಕೇಳಿದೆ: "ಪುಸ್ತಕ ಮುಚ್ಚು. ಚೆನ್ನಮ್ಮಗೂ ಇಂಗ್ಲಿಷರಿಗೂ ಜಗಳ ಯಾಕ ಬಂತು, ಹೇಳು."

ಶುರು ಮಾಡಿದಳು, ನಿಂತಳು. "ಗೊತ್ತೈತಿ ಅವ್ವಾ, ಆದ್ರ ಹೇಳಾಕ ಬರವಲ್ದು" ಅಂದಳು.

ನನ್ನ ಪ್ರಕಾರ ಓದಿನ ತೊಂದರೆ ಪೂರ್ತಿ ಆ ಮಾತಿನಲ್ಲೇ ಇದೆ. ಪುಸ್ತಕ ಎದುರಿಗೆ ಇದ್ದಾಗ ಎಲ್ಲ ಪರಿಚಯದ್ದೇ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಪುಸ್ತಕ ಎದುರಿಗೆ ಇರುವುದಿಲ್ಲ. ತಲೆಯೊಳಗಿಂದ ಹೊರಗೆ ತೆಗೆಯುವುದು ಬೇರೆಯೇ ಅಭ್ಯಾಸ, ಅದನ್ನು ಬೇರೆಯಾಗಿಯೇ ಮಾಡಿಸಬೇಕು. ಅವತ್ತು ಇಬ್ಬರೂ ಕೂತು ಪಾಠವನ್ನು ಎಳೆಎಳೆಯಾಗಿ ಬಿಡಿಸಿದೆವು. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ 1824ರಲ್ಲಿ ತೀರಿಕೊಂಡದ್ದು. ಅದಕ್ಕೂ ಮೊದಲು ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದು. ಧಾರವಾಡದಲ್ಲಿದ್ದ ಇಂಗ್ಲಿಷ್ ಕಲೆಕ್ಟರ್ ಥ್ಯಾಕರೆ ಆ ದತ್ತು ಒಪ್ಪದಿದ್ದದ್ದು. ಅಕ್ಟೋಬರ್‌ನ ಯುದ್ಧದಲ್ಲಿ ಅವನು ಸತ್ತದ್ದು, ಡಿಸೆಂಬರ್‌ನಲ್ಲಿ ಕೋಟೆ ಕೈತಪ್ಪಿದ್ದು, ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟದ್ದು. ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಅಂತ ತಿಳಿದ ಮೇಲೆ ಅವಳು ಪುಸ್ತಕ ಮುಚ್ಚಿ ಮತ್ತೆ ಹೇಳಿದಳು. ಈ ಸಲ ನಿಲ್ಲಲಿಲ್ಲ.

ಅಲ್ಲಿಂದ ಇದನ್ನೇ ದಿನದ ಪದ್ಧತಿ ಮಾಡಿಕೊಂಡೆವು. ಅವಳು ಒಂದು ಭಾಗ ಓದುತ್ತಾಳೆ, ದೊಡ್ಡ ಪಾಠವಾದರೆ ಎರಡೇ ಪುಟ. ಪುಸ್ತಕ ನನ್ನ ಕೈಗೆ ಕೊಡುತ್ತಾಳೆ. ಹೇಳುತ್ತಾಳೆ, ನಾನು ಪುಸ್ತಕ ನೋಡುತ್ತಾ ಕೇಳುತ್ತೇನೆ. ಬಿಟ್ಟುಹೋದದ್ದನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಅದಕ್ಕೆ ನಾವು ಇಟ್ಟ ಹೆಸರು "ಬಾರದ ಪಟ್ಟಿ". ಮರುದಿನ ಹೊಸ ಪಾಠಕ್ಕಿಂತ ಮೊದಲು ಆ ಪಟ್ಟಿಯಿಂದ ಪ್ರಶ್ನೆ. ಬಂದರೆ ಗೆರೆ ಹೊಡೆಯುವುದು, ಬಾರದಿದ್ದರೆ ಹಾಗೇ ಬಿಡುವುದು. ರವಿವಾರ ವಾರದ್ದೆಲ್ಲ ಒಮ್ಮೆ.

ನಾನು ಕೆಲಸದಲ್ಲಿದ್ದಾಗ ನಮ್ಮ ಅತ್ತೆ ಕೂರುತ್ತಿದ್ದರು. ಅವರಿಗೆ ಓದು-ಬರಹ ಬಾರದು. ಆದರೆ ಮೊಮ್ಮಗಳು ಹೇಳುವಾಗ "ಆಮ್ಯಾಲೆ? ಯಾಕ ಹಂಗಾತು?" ಅಂತ ಕೇಳುತ್ತಿದ್ದರಲ್ಲ, ಅದು ಯಾವ ಟ್ಯೂಷನ್‌ಗೂ ಕಡಿಮೆ ಅಲ್ಲ. ಏನೂ ಗೊತ್ತಿಲ್ಲದವರಿಗೆ ತಿಳಿಯುವಂತೆ ಹೇಳಬೇಕಾದರೆ ಮೊದಲು ತನಗೆ ತಿಳಿದಿರಬೇಕು, ಅಲ್ವಾ?

ಮೊದಮೊದಲು ಮಗಳಿಗೆ ಇದು ಬೇಡವಾಗಿತ್ತು. ಸುಮ್ನೆ ನಾಲ್ಕು ಸಲ ಓದುವುದು ಹಗುರ, ಹೇಳುವುದು ಕಷ್ಟ. ಇದರ ಬಗ್ಗೆ ನಡೆದ ಸಂಶೋಧನೆಯನ್ನು ನಾನು ಆಮೇಲೆ ಓದಿದೆ. ಅಮೆರಿಕದ ರೋಡಿಗರ್, ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ್ದು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೊಟ್ಟಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಮಕ್ಕಳು ಈ ಪದ್ಧತಿಯನ್ನು ಯಾಕೆ ನಂಬುವುದಿಲ್ಲ ಅಂತ ನನಗೆ ಆಗ ತಿಳಿಯಿತು. ಓದಿದ ಕೂಡಲೇ ಎಲ್ಲ ಬಂದಂತೆ ಅನ್ನಿಸುವುದು ಮತ್ತೆ ಮತ್ತೆ ಓದಿದವರಿಗೇ. ಆದ್ದರಿಂದ ಮೊದಲ ಕೆಲವು ವಾರ ಮಗುವಿಗೆ ಬೇಸರ ಬಂದರೂ ದೊಡ್ಡವರು ಕೈಬಿಡಬಾರದು.

ಒಂದು ಮಾತು ಇಲ್ಲಿ ಒತ್ತಿ ಹೇಳುತ್ತೇನೆ. ಮಗು ತಡವರಿಸಿದಾಗ ಬೈಯಬೇಡಿ. ಪಕ್ಕದ ಮನೆಯ ಹುಡುಗಿಯ ಹೆಸರು ತೆಗೆಯಬೇಡಿ. ಬಾರದ್ದು ಯಾವುದು ಅಂತ ಹುಡುಕಲಿಕ್ಕೇ ಅಲ್ವಾ ನಾವು ಕೂತಿರುವುದು? ಬೈಯುವ ಮನೆಯಲ್ಲಿ ಮಕ್ಕಳು ಬಾರದ್ದನ್ನು ಮುಚ್ಚಿಡುತ್ತಾರೆ, ಅದು ಪರೀಕ್ಷೆಯ ದಿನವೇ ಹೊರಗೆ ಬರುತ್ತದೆ. ಮನೆಯವರಿಗೂ ನಾನು ಇದನ್ನು ಹೇಳಿ ಒಪ್ಪಿಸಿದ್ದೆ.

ಗಣಿತಕ್ಕೆ ಬಾಯಿಮಾತು ಸಾಲುವುದಿಲ್ಲ. ಅಲ್ಲಿ ಪುಸ್ತಕದ ಉದಾಹರಣೆ ಲೆಕ್ಕವನ್ನು ಒಮ್ಮೆ ನೋಡಿ, ಮುಚ್ಚಿ, ಖಾಲಿ ಹಾಳೆಯಲ್ಲಿ ಮಾಡಬೇಕು. ಥೇಲ್ಸ್ ಪ್ರಮೇಯವನ್ನು ಅವಳು ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಒಂದೊಂದಾಗಿ ಬರೆಯುತ್ತಿದ್ದಳು. ಪ್ರತಿ ಸಾಲಿಗೂ ನಾನು "ಇದು ಯಾಕ?" ಅಂತ ಕೇಳುತ್ತಿದ್ದೆ. ಉತ್ತರ ಸರಿಯೋ ತಪ್ಪೋ ನನಗೆ ತಿಳಿಯುತ್ತಿರಲಿಲ್ಲ. ಅವಳಿಗೇ ತಿಳಿಯುತ್ತಿತ್ತು. ಸಿಕ್ಕಿಹಾಕಿಕೊಂಡರೆ ಆ ಸಾಲಿಗೆ ಗುರುತು ಹಾಕಿ ಮರುದಿನ ಶಾಲೆಯಲ್ಲಿ ಸರ್‌ನ್ನು ಕೇಳಿ ಬರುವುದು. "ಸರ್, ಈ ಪ್ರಮೇಯ ತಿಳಿಯಲಿಲ್ಲ" ಅನ್ನುವುದಕ್ಕಿಂತ "ಸರ್, ಈ ಎರಡು ತ್ರಿಭುಜದ ವಿಸ್ತೀರ್ಣ ಸಮ ಹೇಗೆ?" ಅಂತ ಕೇಳಿದರೆ ಶಿಕ್ಷಕರೂ ಖುಷಿಯಿಂದ ನಿಂತು ಹೇಳುತ್ತಾರೆ.

ಭಾರತದ ನಕ್ಷೆಗೆ ನನ್ನ ಹೊಲಿಗೆ ಚಾಕೇ ಸಾಕಾಯಿತು. ನಮ್ಮ ಮನೆಯ ನೆಲ ಫರ್ಸಿ ಕಲ್ಲು. ದಿನಾ ಸಂಜೆ ನೋಡದೆ ಅದರ ಮೇಲೆ ನಕ್ಷೆ ಬರೆದು ಊರು, ನದಿ, ಬಂದರು ಗುರುತಿಸುವುದು, ಆಮೇಲೆ ಪುಸ್ತಕದ ಜೊತೆ ಹೋಲಿಸಿ ನೋಡುವುದು, ಒರೆಸುವುದು.

ಕನ್ನಡದಲ್ಲಿ ಅವಳಿಗೆ ಛಂದಸ್ಸು ಅಂದರೆ ಭಯ. ನಮ್ಮ ಗದಗಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅನ್ನುತ್ತಾರೆ. ಆ ಊರಿನ ಹುಡುಗಿ ಅವನು ಬರೆದ ಭಾಮಿನಿ ಷಟ್ಪದಿಗೆ, ಅಂದರೆ ಆ ಆರು ಸಾಲಿನ ಪದ್ಯಕ್ಕೆ, ಹೆದರಬಾರದು ಅಂತ ನನಗೆ ಹಟ. ಕೈಯಿಂದ ತಾಳ ಹಾಕಿಸಿದೆ. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಒಂದು, ಎರಡು, ನಾಲ್ಕು, ಐದನೇ ಸಾಲು ಹೀಗೆ. ಮೂರು ಮತ್ತು ಆರನೇ ಸಾಲಿನಲ್ಲಿ ಅದೇ ಮೂರು-ನಾಲ್ಕು ಮೂರು ಸಲ, ಕೊನೆಗೆ ಒಂದು ಗುರು. ತಾಳ ಕೈಗೆ ಹತ್ತಿದ ಮೇಲೆ ಪ್ರಸ್ತಾರ ಹಾಕುವುದು, ಅಂದರೆ ಅಕ್ಷರಗಳಿಗೆ ಗುರು-ಲಘು ಗುರುತು ಹಾಕುವುದು, ಆಟದಂತಾಯಿತು. ಕಂಠಪಾಠದ ಪದ್ಯವೂ ಅದೇ ತಾಳದಲ್ಲಿ ತಾನಾಗಿ ನಿಂತಿತು.

ವೇಳೆಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸಂಜೆ ಏಳರಿಂದ ಊಟದವರೆಗೆ, ಬೆಳಿಗ್ಗೆ ಸ್ವಲ್ಪ ಹೊತ್ತು. ರಾತ್ರಿ ಹತ್ತಕ್ಕೆ ಮಲಗುವುದು. ನಿದ್ದೆಗೆಟ್ಟು ಓದುವುದನ್ನು ನಾನು ಒಪ್ಪುವುದಿಲ್ಲ. ಓದುವ ಹೊತ್ತಿಗೆ ಎಲ್ಲರ ಮೊಬೈಲೂ ನನ್ನ ಮಷಿನ್ನಿನ ಡ್ರಾಯರ್‌ನಲ್ಲಿ, ನನ್ನದೂ ಸೇರಿ. ಅತ್ತೆ ಧಾರಾವಾಹಿಯನ್ನು ಮರುದಿನ ಮಧ್ಯಾಹ್ನ ನೋಡುತ್ತಿದ್ದರು, ಅದು ಅವರ ದೊಡ್ಡಮನಸ್ಸು. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ನೀರು ಬಿಟ್ಟ ದಿನ ಕೊಡ, ಡ್ರಮ್ಮು, ಟಾಕಿ ತುಂಬುವುದೇ ಕೆಲಸ. ಅಂಥ ದಿನ ಬಾರದ ಪಟ್ಟಿ ಮಾತ್ರ. ಪೂರ್ತಿ ಬಿಡುವುದಕ್ಕಿಂತ ಹತ್ತು ನಿಮಿಷ ಮೇಲು.

ಡಿಸೆಂಬರ್ ಆದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಶುರು ಮಾಡಿದೆವು. ಪರೀಕ್ಷಾ ಮಂಡಳಿಯ ವೆಬ್‌ಸೈಟ್‌ನಲ್ಲಿ ಹಿಂದಿನ ವರ್ಷಗಳ ಪತ್ರಿಕೆ, ಮಾದರಿ ಪತ್ರಿಕೆ, ಕೀ ಉತ್ತರ ಎಲ್ಲ ಪುಕ್ಕಟೆ ಸಿಗುತ್ತವೆ. ಅವಳ ವರ್ಷ ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು ಇತ್ತು. ಆ ನೂರರಲ್ಲಿ ಬರವಣಿಗೆಗೆ 80, ಶಾಲೆಯ ಆಂತರಿಕ ಅಂಕ 20. ಗಡಿಯಾರ ಇಟ್ಟುಕೊಂಡು ಬರೆಯುವುದು, ಕೀ ಉತ್ತರ ನೋಡಿ ತಾನೇ ತಿದ್ದುವುದು. ಉತ್ತರ ಗೊತ್ತಿದ್ದರೂ ಅಂಕ ಎಲ್ಲಿ ಹೋಗುತ್ತದೆ ಅಂತ ಅವಳು ಆಗ ಕಂಡುಕೊಂಡಳು. ನಾಲ್ಕು ಅಂಶ ಕೇಳಿದಲ್ಲಿ ಎರಡನ್ನೇ ಉದ್ದಕ್ಕೆ ಎಳೆಯುತ್ತಿದ್ದಳು.

ಅರ್ಧವಾರ್ಷಿಕದಲ್ಲಿ ಸಮಾಜ ವಿಜ್ಞಾನದ ಅಂಕ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಪ್ರಿಪರೇಟರಿಯಲ್ಲಿ ಮುಕ್ಕಾಲು ದಾಟಿತು, ಮುಖ್ಯ ಪರೀಕ್ಷೆಯಲ್ಲಿ ಇನ್ನೂ ಮೇಲೆ. ಗಣಿತ ನಿಧಾನಕ್ಕೆ ಏರಿತು. ಇಂಗ್ಲಿಷ್ ಅಷ್ಟೇನೂ ಬದಲಾಗಲಿಲ್ಲ. ಅದಕ್ಕೆ ಒಂದು ವರ್ಷ ಸಾಲದು, ಚಿಕ್ಕ ತರಗತಿಯಿಂದಲೇ ಓದಿಸಬೇಕು.

ಈಗ ಮಗ ಎಂಟನೇ ತರಗತಿ. ಅವನಿಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಅವನು ಅಂಗಳದಲ್ಲಿ ಅಡ್ಡಾಡುತ್ತಾ ಹೇಳುತ್ತಾನೆ, ಅಕ್ಕ ಪುಸ್ತಕ ಹಿಡಿದು ಕೇಳುತ್ತಾಳೆ. ನಾವು ಅವನಿಗೆ ವಿಜ್ಞಾನದಿಂದ ಶುರು ಮಾಡಿದ್ದೇವೆ, ದಿನಕ್ಕೆ ಒಂದೇ ಪುಟ. ಎಂಟರಲ್ಲೇ ರೂಢಿಯಾದರೆ ಹತ್ತನೇ ತರಗತಿಯಲ್ಲಿ ಪಾಠಕ್ಕಷ್ಟೇ ಗಮನ ಕೊಟ್ಟರೆ ಸಾಕು ಅನ್ನುವುದು ನನ್ನ ಲೆಕ್ಕ.