ಕಾಂಕ್ರೀಟ್ ಸುರಿಯುವ ಮೊದಲೇ ತಂತಿ ಕಟ್ಟಿ

ಹೋದ ಮಳೆಗಾಲ ಮೂಡಿಗೆರೆ ಕಡೆಯ ತೋಟದ ಮನೆಯೊಂದರಲ್ಲಿ ಈಜುಕೊಳದ ಸ್ಟೀಲ್ ಏಣಿ ಮುಟ್ಟಿದವರಿಗೆಲ್ಲ ಕೈ ಜುಮ್ಮೆನ್ನುತ್ತಿತ್ತು. ಯಜಮಾನರು ಎರಡು ಹೊಸ ಅರ್ಥ್ ಪಿಟ್ ತೆಗೆಸಿ ಉಪ್ಪು, ಇದ್ದಿಲು ತುಂಬಿಸಿದ್ದರು. ಆದರೂ ಜುಮ್ಮೆನ್ನುವುದು ನಿಂತಿರಲಿಲ್ಲ. ಅರ್ಥಿಂಗ್ ಇತ್ತು, ಬಾಂಡಿಂಗ್ ಇರಲಿಲ್ಲ.

ಮೋಟಾರಿನಲ್ಲಿ ಸೋರಿದ ಕರೆಂಟಿಗೆ ದಾರಿ ಕೊಟ್ಟು ಬ್ರೇಕರ್ ಬೀಳಿಸುವುದು ಅರ್ಥಿಂಗ್ ಕೆಲಸ. ಕೊಳದ ಸುತ್ತಲಿನ ಲೋಹವನ್ನೆಲ್ಲ ತಾಮ್ರದ ತಂತಿಯಿಂದ ಒಂದಕ್ಕೊಂದು ಬಿಗಿಯುವುದು ಬಾಂಡಿಂಗ್. ಏಣಿಯಲ್ಲಿ 10 ವೋಲ್ಟ್, ಕಾಲ ಕೆಳಗಿನ ಒದ್ದೆ ಕಲ್ಲಿನಲ್ಲಿ ಸೊನ್ನೆ ಇದ್ದರೆ ಕರೆಂಟು ನಿಮ್ಮ ಮೈಯೊಳಗೇ ಹಾಯುತ್ತದೆ. ಎರಡೂ ಕಡೆ 10 ಇದ್ದರೆ ಗೊತ್ತೂ ಆಗುವುದಿಲ್ಲ. ಮಲೆನಾಡಿನಲ್ಲಿ ಮರ ಬಿದ್ದು ನ್ಯೂಟ್ರಲ್, ಅಂದರೆ ಕರೆಂಟು ವಾಪಸು ಹೋಗುವ ತಂತಿ, ತುಂಡಾಗುವುದು ಹೊಸದೇನಲ್ಲ. ಮನೆಯ ನ್ಯೂಟ್ರಲ್ ಅರ್ಥಿಗೆ ಸೇರಿದ್ದರೆ ಹಾಗೆ ದಾರಿ ತಪ್ಪಿದ ಕರೆಂಟು ಏಣಿಯವರೆಗೂ ಬಂದೀತು.

ಕೆಲಸ ಶುರುವಾಗಬೇಕಾದ್ದು ಕಂಬಿ ಕಟ್ಟಿದ ದಿನ. ಬೈಂಡಿಂಗ್ ವೈರಿನಲ್ಲಿ ಬಿಗಿದ ಕಂಬಿಯ ಜಾಲಕ್ಕೆ ನಾಲ್ಕು ಕಡೆ ಹಿತ್ತಾಳೆ ಕ್ಲ್ಯಾಂಪ್ ಹಾಕಿ ತಾಮ್ರದ ತಂತಿ ಹೊರಗೆಳೆಯಿರಿ. ಅಮೆರಿಕದ ವಿದ್ಯುತ್ ಸಂಹಿತೆ 8 ಗೇಜಿನ, ಅಂದರೆ ಸುಮಾರು 8.4 ಚದರ ಮಿ.ಮೀ. ಗಟ್ಟಿ ತಾಮ್ರ ಕೇಳುತ್ತದೆ. ನಮ್ಮ ಅಂಗಡಿಯಲ್ಲಿ 10 ಚದರ ಮಿ.ಮೀ. ಕೇಳಿ. ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯೇ ಸಾಕು ಎನ್ನುವವರ ಮಾತು ಕೇಳಬೇಡಿ, ಕ್ಲೋರಿನ್ ಅದನ್ನು ತಿಂದುಹಾಕುತ್ತದೆ.

ಅದೇ ತಂತಿಯನ್ನು ಕೊಳದ ಒಳಗೋಡೆಯಿಂದ ಒಂದೂವರೆ–ಎರಡು ಅಡಿ ದೂರದಲ್ಲಿ, ಹಾಸುಗಲ್ಲಿನ ತಳದಿಂದ 4–6 ಇಂಚು ಕೆಳಗೆ ಕೊಳದ ಸುತ್ತ ಬಳಸಿ. ಏಣಿಯ ಬುಡ, ಹಿಡಿಕೆ, ಲೈಟಿನ ಲೋಹದ ಗೂಡು, ಪಂಪಿನ ಮೈಯಲ್ಲಿ ತಂತಿ ಬಿಗಿಯಲೆಂದೇ ಇರುವ ಲಗ್, 5 ಅಡಿಯೊಳಗಿನ ಬೇಲಿ ಕಂಬ, ಕಬ್ಬಿಣದ ಪೈಪು ಎಲ್ಲವೂ ಇದಕ್ಕೆ ಸೇರಬೇಕು. ಫೈಬರ್ ತೊಟ್ಟಿಯಾದರೆ ನೀರಿಗೂ ಒಂದು ಲೋಹದ ತಗಡು ಮುಟ್ಟಿಸಿ ಜೋಡಿಸಿ. ಬಾಂಡಿಂಗ್ ಆಯಿತೆಂದು ಪಂಪಿನ ಅರ್ಥ್ ತಂತಿ ಬಿಚ್ಚುವವರನ್ನೂ ಕಂಡಿದ್ದೇನೆ, ಎರಡೂ ಬೇಕು.

ನೀರೊಳಗಿನ ಲೈಟು 12 ವೋಲ್ಟಿನದೇ ಆಗಿರಲಿ, ಅದಕ್ಕೆ ವೋಲ್ಟೇಜ್ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಕೊಳದ ಅಂಚಿನಿಂದ 3.5 ಮೀಟರ್ ಆಚೆಗಿರಲಿ. ಪಂಪಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಬೀಳುವ ಸ್ವಿಚ್ಚು, ಕಡ್ಡಾಯ. ಜನ ನೀರಲ್ಲಿರುವಾಗ ತೋಟದ ಸಬ್‌ಮರ್ಸಿಬಲ್ ಪಂಪು ಕೊಳಕ್ಕಿಳಿಸಿ ನೀರು ಹೊಡೆಯುವುದು ಮಾತ್ರ ಬೇಡವೇ ಬೇಡ.

ಇನ್ನು ತಪಾಸಣೆ. ಹೆಚ್ಚಿನ ಲೋಡಿಗೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಅರ್ಜಿ ಕೊಡುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ಟೆಸ್ಟ್ ರಿಪೋರ್ಟ್ ಬೇಕು. ಕಾಂಕ್ರೀಟ್ ಒಳಗಿನದು ಯಾರಿಗೂ ಕಾಣದು. ಆದ್ದರಿಂದ ಸುರಿಯುವ ಮುನ್ನ ಪ್ರತಿ ಕ್ಲ್ಯಾಂಪಿನ ಫೋಟೊವನ್ನು ಅಳತೆ ಟೇಪು ಹಿಡಿದು ತೆಗೆದಿಡಿ, ಆಗುವುದಾದರೆ ಪರೀಕ್ಷಿಸುವವರನ್ನು ಅಂದೇ ಕರೆಸಿ. ಆಮೇಲೆ ಉದ್ದ ವೈರು ಕಟ್ಟಿದ ಮೀಟರಿನಲ್ಲಿ ಏಣಿಗೂ ಪಂಪಿಗೂ ನಡುವೆ ಅಳೆಯಿರಿ. ವೈರಿನ ಓಮ್ ಕಳೆದರೆ ಸೊನ್ನೆಯ ಹತ್ತಿರ ಬರಬೇಕು. ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿದರೆ ಯಾವುದೋ ನಟ್ ಸಡಿಲವಿದೆ ಎಂದೇ ಅರ್ಥ.

ಮೂಡಿಗೆರೆಯ ಆ ಮನೆಯಲ್ಲಿ ಕೊನೆಗೆ ಸುತ್ತಲಿನ ಸಾದರಹಳ್ಳಿ ಕಲ್ಲನ್ನೆಲ್ಲ ಎಬ್ಬಿಸಿ, ನಾಲ್ಕು ಕಡೆ ಕಾಂಕ್ರೀಟ್ ಒಡೆದು ಕಂಬಿ ಹುಡುಕಿದೆವು. ಹದಿನೇಳು ಕಲ್ಲು ಸೀಳಿದವು. ಯಜಮಾನರು ಜಗಲಿಯಲ್ಲಿ ಕೂತು ಒಂದೊಂದನ್ನೂ ಎಣಿಸುತ್ತಿದ್ದರು.