ಕಷ್ಟದಲ್ಲಿರುವ ಹಳೆಯ ಫುಟ್‌ಬಾಲ್ ಆಟಗಾರರಿಗೆ ನೆರವು: ಮೊದಲು ಕಾಗದ, ಆಮೇಲೆ ಅರ್ಜಿ

ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅದರ ಸುತ್ತಲಿನ ಗಲ್ಲಿಗಳಲ್ಲಿ ಫುಟ್‌ಬಾಲ್ ಆಡಿ ವಯಸ್ಸಾದವರು ತುಂಬಾ ಜನ ಇದ್ದಾರೆ. ನಾನು ಇಲ್ಲಿನ ಒಂದು ಚಿಕ್ಕ ಕ್ಲಬ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹಾಗಾಗಿ ಮಂಡಿ ಹೋದ, ಶುಗರ್ ಬಂದ, ಕೈಯಲ್ಲಿ ಕಾಸಿಲ್ಲದ ಹಿರಿಯರ ಅರ್ಜಿ ತುಂಬುವ ಕೆಲಸವೂ ನನಗೇ ಬರುತ್ತದೆ.

ಎಲ್ಲರೂ ಮೊದಲು ಕೇಳುವುದು ಒಂದೇ: "ಸಂತೋಷ್ ಟ್ರೋಫಿ ಆಡಿದ್ದೀನಲ್ಲ, ಪೆನ್ಷನ್ ಬರಲ್ವಾ?" ಸಂತೋಷ್ ಟ್ರೋಫಿ ಅಂದರೆ ರಾಜ್ಯ ತಂಡಗಳ ನಡುವಿನ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ.

ಕೇಂದ್ರ ಸರ್ಕಾರದ ಕ್ರೀಡಾ ಪೆನ್ಷನ್ 1994ರಿಂದ ಇದೆ. ಆದರೆ ಅದು ಪದಕ ಗೆದ್ದವರಿಗೆ ಮಾತ್ರ. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಶಿಪ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಪದಕ ಬೇಕು. ನಮ್ಮ ಫುಟ್‌ಬಾಲ್‌ಗೆ ಇದರಲ್ಲಿ ಸಿಕ್ಕಿರುವುದು ಏಷ್ಯನ್ ಗೇಮ್ಸ್‌ನ ಮೂರೇ ಪದಕ: 1951 ಮತ್ತು 1962ರ ಚಿನ್ನ, 1970ರ ಕಂಚು. 2018ರಲ್ಲಿ ಏರಿಸಿದ ದರದಂತೆ ಏಷ್ಯನ್ ಗೇಮ್ಸ್ ಚಿನ್ನಕ್ಕೆ ತಿಂಗಳಿಗೆ 14 ಸಾವಿರ, ಬೆಳ್ಳಿ-ಕಂಚಿಗೆ 12 ಸಾವಿರ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾವು ನಾಲ್ಕನೆಯವರಾಗಿದ್ದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಇದು ಸರಿಯಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೂ ನಿಯಮ ಇರುವುದೇ ಹಾಗೆ. ಸುಮ್ನೆ ಇದರ ಹಿಂದೆ ಓಡಬೇಡಿ.

ಉಳಿದವರಿಗೆ ಬೇರೆ ದಾರಿಗಳಿವೆ. ಯಾವ ದಾರಿ ಹಿಡಿದರೂ "ನೀವು ಆಡಿದ್ದಕ್ಕೆ ಏನು ದಾಖಲೆ?" ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೇ ಅರ್ಜಿಗಿಂತ ಮೊದಲು ಟ್ರಂಕು ತೆಗೆಯಿರಿ. ಸರ್ಟಿಫಿಕೇಟ್, ತಂಡದ ಫೋಟೊ, ಬ್ಲೇಜರ್ ಬ್ಯಾಡ್ಜ್, ಪೇಪರ್ ಕಟಿಂಗ್, ಹಳೆ ಪಾಸ್‌ಪೋರ್ಟ್‌ನ ವೀಸಾ ಪುಟ, ಯಾವುದನ್ನೂ ಎಸೆಯಬೇಡಿ. ಗೆದ್ದಲು ಹಿಡಿದ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಲು ಹೋಗಬೇಡಿ. ಮಡಿಕೆಯಲ್ಲಿ ಹರಿದು ಸೀಲು ಅಳಿಸಿಹೋದರೆ ಮತ್ತೆ ಸಿಗುವುದಿಲ್ಲ. ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ಪ್ಲಾಸ್ಟಿಕ್ ಕವರ್‌ಗೆ ಹಾಕಿಡಿ.

ಇಲ್ಲಿ ಎರಡು ತೊಡಕು ಪದೇ ಪದೇ ಬರುತ್ತವೆ. ಒಂದು ಹೆಸರು. ತಂಡದ ಪಟ್ಟಿಯಲ್ಲಿ 'ಬಾಬು', ಆಧಾರ್‌ನಲ್ಲಿ ಅಪ್ಪ ಇಟ್ಟ ಉದ್ದನೆಯ ಹೆಸರು, ಬ್ಯಾಂಕ್‌ನಲ್ಲಿ ಇನಿಷಿಯಲ್ ಹಿಂದೆ-ಮುಂದೆ. ಎರಡೂ ಹೆಸರಿನವರು ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಜೊತೆಗೆ ಆಡಿದ ಇಬ್ಬರ ಪತ್ರವನ್ನೂ ಇಡಿ. ಇನ್ನೊಂದು ರಾಜ್ಯದ ಹೆಸರು. 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ತಂಡದ ಕಾಗದದಲ್ಲಿ 'ಮೈಸೂರು' ಅಂತಿರುತ್ತದೆ. ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್‌ನಲ್ಲಿ. ಚಿಕ್ಕ ವಯಸ್ಸಿನ ಗುಮಾಸ್ತರು "ಇದು ಮೈಸೂರು ಜಿಲ್ಲೆ ತಂಡ ಅಲ್ವಾ?" ಅಂತ ಪಕ್ಕಕ್ಕಿಡಬಹುದು. ಆಗಿನ ಮೈಸೂರು ಅಂದರೆ ಈಗಿನ ಕರ್ನಾಟಕ ರಾಜ್ಯ ಅಂತ ಅರ್ಜಿಯ ಜೊತೆಗಿನ ಪತ್ರದಲ್ಲೇ ಒಂದು ಸಾಲು ಬರೆದುಬಿಡಿ.

ಸರ್ಟಿಫಿಕೇಟ್ ಏನೂ ಉಳಿದಿಲ್ಲವೇ? ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ವರ್ಷ, ಟೂರ್ನಿ, ಊರು, ಕ್ಯಾಪ್ಟನ್ ಹೆಸರು ಬರೆದು ದೃಢೀಕರಣ ಪತ್ರ ಕೇಳಿ. ಆ ದಿನಗಳ ಪ್ರಜಾವಾಣಿ ಅಥವಾ ಡೆಕ್ಕನ್ ಹೆರಾಲ್ಡ್ ಸಂಚಿಕೆ ಕಬ್ಬನ್ ಪಾರ್ಕ್‌ನ ಕೇಂದ್ರ ಗ್ರಂಥಾಲಯದಲ್ಲಿ ಸಿಗುತ್ತದಾ ವಿಚಾರಿಸಿ. ತಂಡದ ಪಟ್ಟಿ ಅಚ್ಚಾದ ಒಂದು ಪುಟಕ್ಕೆ ತುಂಬಾ ತೂಕ ಇದೆ.

ಇಷ್ಟು ಕೈಗೆ ಬಂದ ಮೇಲೆ ಪಂಡಿತ್ ದೀನದಯಾಳ್ ಉಪಾಧ್ಯಾಯ ಕ್ರೀಡಾಪಟುಗಳ ರಾಷ್ಟ್ರೀಯ ಕಲ್ಯಾಣ ನಿಧಿಗೆ ಅರ್ಜಿ ಹಾಕಿ. 1982ರಲ್ಲಿ ಶುರುವಾದ ನಿಧಿ ಇದು. ದೇಶಕ್ಕೆ ಹೆಸರು ತಂದು ಈಗ ಬಡತನದಲ್ಲಿರುವವರಿಗೆ ಒಂದೇ ಸಲಕ್ಕೆ 5 ಲಕ್ಷದವರೆಗೆ, ಚಿಕಿತ್ಸೆಗೆ 10 ಲಕ್ಷದವರೆಗೆ ಕೊಡಲು ಅವಕಾಶ ಇದೆ. ಆಟಗಾರ ತೀರಿಕೊಂಡಿದ್ದರೆ ಕಷ್ಟದಲ್ಲಿರುವ ಕುಟುಂಬವೂ ಕೇಳಬಹುದು. ಇವು ಗರಿಷ್ಠ ಮಿತಿ. ಎಷ್ಟು ಕೊಡಬೇಕು ಅನ್ನುವುದು ಸಮಿತಿಗೆ ಬಿಟ್ಟಿದ್ದು. ಅರ್ಜಿ ಹಾಕುವುದು ಕೇಂದ್ರ ಕ್ರೀಡಾ ಸಚಿವಾಲಯದ ಡಿಬಿಟಿ (ನೇರವಾಗಿ ಖಾತೆಗೆ ಹಣ ಹಾಕುವ ವ್ಯವಸ್ಥೆ) ಪೋರ್ಟಲ್‌ನಲ್ಲಿ. ಓಟಿಪಿ ಬರುವ ಮೊಬೈಲ್ ನಂಬರ್ ಮನೆಯವರದೇ ಇರಲಿ, ಸೈಬರ್ ಸೆಂಟರ್ ಹುಡುಗನದು ಬೇಡ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಕಷ್ಟ ಏನು ಅನ್ನುವುದನ್ನು ನೇರವಾಗಿ ಬರೆಯಿರಿ: ಬಾಡಿಗೆ ಎಷ್ಟು, ತಿಂಗಳ ಔಷಧಿ ಎಷ್ಟು, ದುಡಿಯುವವರು ಯಾರು. ನಮ್ಮ ಹಿರಿಯರು ಮರ್ಯಾದೆಗೆ ಅಂಜಿ "ಪರವಾಗಿಲ್ಲ, ನಡೀತಿದೆ" ಅಂತ ಬರೆಸುತ್ತಾರೆ. ಹಾಗೆ ಬರೆದರೆ ಕೆಲಸ ಆಗುವುದಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಮುಖ್ಯ ವಿಷಯ. ಐಟಿಐ (ಟೆಲಿಫೋನ್ ಕಾರ್ಖಾನೆ), ಎಚ್‌ಎಎಲ್ (ವಿಮಾನ ಕಾರ್ಖಾನೆ) ಥರದ ಕಾರ್ಖಾನೆ ತಂಡಗಳಲ್ಲಿ ಆಡಿದವರು ಅಲ್ಲಿ ನೌಕರರೂ ಆಗಿದ್ದರು. ಪಿಎಫ್ ಪೆನ್ಷನ್ ಯೋಜನೆ ಬಂದಿದ್ದು 1995ರ ನವೆಂಬರ್ 16ಕ್ಕೆ. 10 ವರ್ಷದ ಅರ್ಹ ಸೇವೆ ಇದ್ದರೆ 58ಕ್ಕೆ ಪೆನ್ಷನ್ ಶುರುವಾಗಬೇಕು. ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಪಿಎಫ್ ದುಡ್ಡು ಬಿಡಿಸಿಕೊಂಡವರು ಎಲ್ಲ ಮುಗಿಯಿತು ಅಂದುಕೊಂಡು ಪೆನ್ಷನ್ ಕೇಳುವ ಫಾರಂ 10-ಡಿ ಹಾಕದೇ ಬಿಟ್ಟಿರುವುದುಂಟು. ಹಳೆ ಪಿಎಫ್ ಸ್ಲಿಪ್ ಹುಡುಕಿ, ಪಿಎಫ್ ಕಚೇರಿಗೆ ಹೋಗಿ ಕೇಳಿ. ಕನಿಷ್ಠ ಪೆನ್ಷನ್ ತಿಂಗಳಿಗೆ ಸಾವಿರ ರೂಪಾಯಿ. ಜಾಸ್ತಿ ಏನಲ್ಲ, ಆದರೆ ಆಟಗಾರ ಹೋದ ಮೇಲೆ ಹೆಂಡತಿಗೂ ಬರುತ್ತದೆ. ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೇ ಮಾಡಬಹುದು.

ರಾಜ್ಯದ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲೂ ಕಷ್ಟದಲ್ಲಿರುವ ಮಾಜಿ ಕ್ರೀಡಾಪಟುಗಳ ಮಾಸಾಶನದ ಬಗ್ಗೆ ಕೇಳಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಮಾಸಾಶನ ಇದೆ. ಆಸ್ಪತ್ರೆಗೆ ಸೇರುವುದಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಅದರಲ್ಲಿ ಆಗದ ಖರ್ಚಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬೇಡಿ. ತಿಂಗಳುಗಟ್ಟಲೆ ಉತ್ತರ ಇಲ್ಲದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಎಲ್ಲಿದೆ ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಇತ್ತೀಚೆಗೆ ಐ-ಲೀಗ್, ಐಎಸ್‌ಎಲ್ ಥರದ ವೃತ್ತಿಪರ ಲೀಗ್‌ಗಳ ಕ್ಲಬ್‌ಗಳಲ್ಲಿ ಆಡಿ ಬಿಟ್ಟವರ ಕಥೆ ಬೇರೆ. ಕ್ಲಬ್ ಸಂಬಳ ಬಾಕಿ ಉಳಿಸಿಕೊಂಡಿದ್ದರೆ ಅದು ನೆರವಲ್ಲ, ನಿಮ್ಮ ಹಕ್ಕು. ಸಹಿಯಾದ ಕಾಂಟ್ರ್ಯಾಕ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಕ್ಲಬ್ ಜೊತೆಗಿನ ಮೇಲ್‌ಗಳನ್ನು ಹಿಡಿದು ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಆಟಗಾರರ ಸ್ಥಾನಮಾನ ಸಮಿತಿಗೆ ದೂರು ಕೊಡಿ. 2006ರಲ್ಲಿ ಶುರುವಾದ ಭಾರತೀಯ ಫುಟ್‌ಬಾಲ್ ಆಟಗಾರರ ಸಂಘವನ್ನೂ ಸಂಪರ್ಕಿಸಿ. ವರ್ಷ ಕಳೆದಷ್ಟೂ ಇಂಥ ದೂರು ಹಾಕುವುದು ಕಷ್ಟ, ತಡ ಮಾಡಬೇಡಿ.