ಸೂತ್ರಕ್ಕೆ ಮೊದಲು ಪದಗಳನ್ನು ಬರೆಯಿರಿ: ಶ್ರೇಢಿ, ಸಾಧನೆ, ದ್ವಿಪದ ವಿಸ್ತರಣೆಯನ್ನು ಅಭ್ಯಾಸ ಮಾಡುವುದು ಹೇಗೆ?

ಎಸ್‌ಎಸ್‌ಎಲ್‌ಸಿಯಲ್ಲಿ ಸಮಾಂತರ ಶ್ರೇಢಿ (ಒಂದೇ ಸಂಖ್ಯೆಯನ್ನು ಕೂಡುತ್ತಾ ಹೋಗುವ ಸಾಲು), ಪಿಯುಸಿ ಮೊದಲ ವರ್ಷದಲ್ಲಿ ಗುಣೋತ್ತರ ಶ್ರೇಢಿ (ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಹೋಗುವ ಸಾಲು) ಮತ್ತು ದ್ವಿಪದ ಪ್ರಮೇಯ ((ಎ + ಬಿ)ಯ ಘಾತಗಳನ್ನು ಬಿಡಿಸಿ ಬರೆಯುವ ನಿಯಮ). ಪರೀಕ್ಷೆ ಹತ್ತಿರ ಬಂದಂತೆ ಮಕ್ಕಳು ಈ ಅಧ್ಯಾಯಗಳ ಸೂತ್ರಗಳನ್ನು ಒಂದು ಹಾಳೆಗೆ ಇಳಿಸಿಕೊಂಡು ಬಾಯಿಪಾಠಕ್ಕೆ ಕೂರುತ್ತಾರೆ. ಪ್ರಶ್ನೆ ನೇರವಾಗಿ ಬಂದರೆ ಅಂಕ ಸಿಗುತ್ತದೆ. ಸ್ವಲ್ಪ ತಿರುಗಿಸಿ ಕೇಳಿದರೆ ಯಾವ ಸೂತ್ರ ಹಚ್ಚಬೇಕೆಂದು ತೋಚದೆ ಪೆನ್ನು ಅಲ್ಲೇ ನಿಲ್ಲುತ್ತದೆ. ಅಭ್ಯಾಸದ ಕ್ರಮವನ್ನು ಬದಲಿಸಿಕೊಂಡರೆ ಈ ತೊಡಕು ಬಹುಮಟ್ಟಿಗೆ ಬಗೆಹರಿಯುತ್ತದೆ: ಮೊದಲು ಸಣ್ಣ ಸಂಖ್ಯೆಗಳನ್ನು ಕೈಯಾರೆ ಬರೆಯುವುದು, ಆಮೇಲೆ ನಿಯಮ ಊಹಿಸುವುದು, ಆಮೇಲೆ ಅದು ಯಾವಾಗಲೂ ನಿಜವೆಂದು ಸಾಧಿಸುವುದು. ಸೂತ್ರಕ್ಕೆ ಕೊನೆಯ ಜಾಗ.

ಬೇಕಾಗುವುದು ಒಂದು ಒರಟು ಪುಸ್ತಕ, ಪೆನ್ಸಿಲ್, ದಿನಕ್ಕೆ ಮುಕ್ಕಾಲು ಗಂಟೆ. ಕ್ಯಾಲ್ಕುಲೇಟರ್ ಬೇಡ.

ಹಂತ 1: ಅಂತರಗಳನ್ನು ಎಣಿಸಿ

7, 11, 15, 19... ಈ ಶ್ರೇಢಿಯ 20ನೇ ಪದ ಯಾವುದು? ಅನೇಕರು 7ಕ್ಕೆ 20 ನಾಲ್ಕುಗಳನ್ನು ಸೇರಿಸಿ 87 ಎನ್ನುತ್ತಾರೆ. ರಸ್ತೆಬದಿಯಲ್ಲಿ ಐದು ದೀಪದ ಕಂಬಗಳಿದ್ದರೆ ನಡುವೆ ನಾಲ್ಕೇ ಅಂತರಗಳಿರುತ್ತವೆ. ಹಾಗೆಯೇ 20ನೇ ಪದವನ್ನು ಮುಟ್ಟಲು 19 ಹೆಜ್ಜೆ ಸಾಕು. 7 + 19 × 4 = 83. ಮೊದಲ ಪದ ಎ, ಪದಗಳ ನಡುವಿನ ವ್ಯತ್ಯಾಸ ಡಿ ಆದರೆ ಎನ್‌ನೇ ಪದಕ್ಕೆ ಎ + (ಎನ್ − 1)ಡಿ ಎಂಬ ಸೂತ್ರದಲ್ಲಿ ಆ 'ಒಂದು ಕಡಿಮೆ' ಎಲ್ಲಿಂದ ಬಂತು ಎಂಬುದು ಇಷ್ಟರಲ್ಲೇ ತಿಳಿಯಿತು. ಇನ್ನು ಮರೆಯುವ ಭಯವಿಲ್ಲ.

ಈಗ ಅದೇ ಶ್ರೇಢಿಯನ್ನು ತಿರುಗಿಸಿ ಕೇಳಿಕೊಳ್ಳಿ. ಇದರಲ್ಲಿ 150 ಬರುತ್ತದೆಯೇ? 150ರಿಂದ 7 ಕಳೆದರೆ 143; ಅದು 4ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ, ಆದ್ದರಿಂದ ಬರುವುದಿಲ್ಲ. ಒಂದೇ ಶ್ರೇಢಿಯ ಮೇಲೆ ನೀವೇ ಮೂರು ನಾಲ್ಕು ಪ್ರಶ್ನೆ ಹುಟ್ಟಿಸಿಕೊಳ್ಳುವುದು, ಹತ್ತು ಬೇರೆ ಬೇರೆ ಶ್ರೇಢಿಗಳಿಗೆ ಒಂದೇ ಪ್ರಶ್ನೆ ಬಿಡಿಸುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಹಂತ 2: ಮೊತ್ತವನ್ನು ಎರಡು ಸಲ ಬರೆಯಿರಿ

ಇದೇ ಶ್ರೇಢಿಯ ಮೊದಲ 20 ಪದಗಳ ಮೊತ್ತ ಬೇಕು. ಒಂದು ಸಾಲಿನಲ್ಲಿ 7 + 11 + ... + 83 ಎಂದು ಬರೆಯಿರಿ. ಅದರ ಕೆಳಗೆ ಹಿಮ್ಮುಖವಾಗಿ 83 + 79 + ... + 7 ಎಂದು ಬರೆಯಿರಿ. ಮೇಲೆ ಕೆಳಗೆ ಕೂಡಿದಾಗ ಪ್ರತಿ ಜೋಡಿಯೂ 90. ಅಂಥ 20 ಜೋಡಿಗಳು, ಒಟ್ಟು 1800. ಮೊತ್ತವನ್ನು ಎರಡು ಸಲ ಬರೆದಿರುವುದರಿಂದ ಅರ್ಧ ಮಾಡಿ, 900. ಸಂದೇಹವಿದ್ದರೆ ಮೊದಲ ನಾಲ್ಕೇ ಪದಗಳಿಗೆ ಪರೀಕ್ಷಿಸಿ: 7 + 11 + 15 + 19 = 52, ಜೋಡಿಯ ಲೆಕ್ಕದಲ್ಲಿ 26 × 4 ÷ 2 = 52.

ಗುಣೋತ್ತರ ಶ್ರೇಢಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಜೋಡಿಗಳು ಸಮನಾಗಿರುವುದಿಲ್ಲ. ಹಿಂದುಮುಂದು ಮಾಡುವ ಬದಲು ಒಂದು ಮನೆ ಸರಿಸಬೇಕು. 3 + 6 + 12 + 24 + 48 ಇದನ್ನು ಎಸ್ ಎನ್ನೋಣ. ಎರಡರಿಂದ ಗುಣಿಸಿದರೆ 2ಎಸ್ ಎಂದರೆ 6 + 12 + 24 + 48 + 96. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ನಡುವಿನವೆಲ್ಲ ಹೊಡೆದುಹೋಗಿ ಉಳಿಯುವುದು 96 − 3, ಅಂದರೆ 93. ಗುಣಿಸುತ್ತಾ ಹೋಗುವ ಸಂಖ್ಯೆ, ಅಂದರೆ ಸಾಮಾನ್ಯ ಅನುಪಾತ, ಎಷ್ಟೇ ಇರಲಿ, ಇದೇ ಕೆಲಸ. ಅನುಪಾತ 1 ಆಗಿದ್ದರೆ ಮಾತ್ರ ಎಲ್ಲ ಪದಗಳೂ ಒಂದೇ ಆಗಿರುವುದರಿಂದ ನೇರವಾಗಿ ಗುಣಿಸಿದರೆ ಮುಗಿಯಿತು.

ಹಂತ 3: ಊಹಿಸಿ, ಆದರೆ ನಂಬಬೇಡಿ

ಬೆಸ ಸಂಖ್ಯೆಗಳನ್ನು ಒಂದೊಂದಾಗಿ ಕೂಡುತ್ತಾ ಹೋಗಿ. 1; 1 + 3 = 4; 1 + 3 + 5 = 9; ಮುಂದಿನದು 16. ವರ್ಗಸಂಖ್ಯೆಗಳು! ಮೊದಲ ಎನ್ ಬೆಸ ಸಂಖ್ಯೆಗಳ ಮೊತ್ತ ಎನ್² ಎಂದು ಯಾರಿಗಾದರೂ ಅನಿಸುತ್ತದೆ, ಅದು ನಿಜವೂ ಹೌದು. ಆದರೆ ನಾಲ್ಕು ಸಲ ಸರಿಬಂದದ್ದಕ್ಕೇ ನಿಜ ಎಂದು ಮುದ್ರೆ ಒತ್ತಬಾರದು. ಏಕೆ ಎಂದು ತಿಳಿಯಲು ಈ ಚಟುವಟಿಕೆಯನ್ನು ಖಂಡಿತ ಮಾಡಿ ನೋಡಿ.

ದೊಡ್ಡದೊಂದು ವೃತ್ತ ಬರೆಯಿರಿ. ಪರಿಧಿಯ ಮೇಲೆ ಬಿಂದುಗಳನ್ನಿಟ್ಟು ಪ್ರತಿಯೊಂದನ್ನೂ ಉಳಿದೆಲ್ಲವುಗಳೊಂದಿಗೆ ಜ್ಯಾ ಎಳೆದು ಸೇರಿಸಿ, ವೃತ್ತ ಎಷ್ಟು ಭಾಗಗಳಾಯಿತೆಂದು ಎಣಿಸಿ. ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ? ತರಗತಿಯಿಡೀ 32 ಎನ್ನುತ್ತದೆ. ಎಣಿಸಿ ನೋಡಿದರೆ 31. ಬಿಂದುಗಳನ್ನು ಸಮಾನ ಅಂತರದಲ್ಲಿ ಇಡಬೇಡಿ. ಇಟ್ಟರೆ ಮೂರು ಜ್ಯಾಗಳು ನಡುವೆ ಒಂದೇ ಬಿಂದುವಿನಲ್ಲಿ ಸೇರಿ ಒಂದು ಭಾಗ ಕಳೆದುಹೋಗಿ 30 ಬರುತ್ತದೆ. ಭಾಗಗಳಿಗೆ ಪೆನ್ಸಿಲ್‌ನಿಂದ ಅಂಕಿ ಹಾಕುತ್ತಾ ಎಣಿಸಿದರೆ ತಪ್ಪುವುದಿಲ್ಲ.

ಇನ್ನೂ ದೊಡ್ಡ ಮೋಸವೊಂದಿದೆ. ಎನ್² + ಎನ್ + 41 ಎಂಬ ಪದೋಕ್ತಿಯಲ್ಲಿ ಎನ್‌ಗೆ 0, 1, 2, 3 ಹಾಕಿದರೆ 41, 43, 47, 53 ಬರುತ್ತವೆ. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 39ರವರೆಗೂ ಹೀಗೆಯೇ. 40 ಹಾಕಿದಾಗ 1681, ಅಂದರೆ 41 × 41. ನಲವತ್ತು ಸಲ ಸತ್ಯ ನುಡಿದ ನಿಯಮ ನಲವತ್ತೊಂದನೇ ಸಲ ಕೈಕೊಟ್ಟಿತು. 'ಸಾಧಿಸಿ' ಎಂಬ ಮಾತು ಪ್ರಶ್ನೆಪತ್ರಿಕೆಯಲ್ಲಿ ಏಕಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹಂತ 4: ಸಾಧನೆಯನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ

ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಭಾರ ಇಳಿಸಿದಾಗ ಹನ್ನೊಂದನೇ ತರಗತಿಯ ಗಣಿತದಿಂದ ಗಣಿತೀಯ ಅನುಗಮನ ತತ್ವದ (ಹೇಳಿಕೆ 1ಕ್ಕೆ ನಿಜ, ಒಂದು ಸಂಖ್ಯೆಗೆ ನಿಜವಾದರೆ ಮುಂದಿನದಕ್ಕೂ ನಿಜ ಎಂದು ತೋರಿಸಿ ಎಲ್ಲ ಸಂಖ್ಯೆಗಳಿಗೂ ಸಾಧಿಸುವ ವಿಧಾನದ) ಅಧ್ಯಾಯವನ್ನು ಕೈಬಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಅದು ನಷ್ಟವೇ. ಪರೀಕ್ಷೆಗೆ ಬರಲಿ ಬಿಡಲಿ, ಒಂದು ವಾರ ಅದಕ್ಕೆ ಕೊಡಿ. ಶ್ರೇಢಿಗಳ ಬಗ್ಗೆ ಸಾಧಿಸಲು ಇಷ್ಟು ಕೈಗೆಟಕುವ ಸಾಧನ ಇನ್ನೊಂದಿಲ್ಲ.

ಬೆಸ ಸಂಖ್ಯೆಗಳ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಉತ್ತರವನ್ನು ಹೀಗೆ ಬರೆಯಿರಿ: "ಎನ್ = 1 ಆದಾಗ ಮೊತ್ತ 1, ಅದು 1²ಗೆ ಸಮ. ಮೊದಲ ಕೆ ಬೆಸ ಸಂಖ್ಯೆಗಳ ಮೊತ್ತ ಕೆ² ಎಂದು ಭಾವಿಸೋಣ. ಮುಂದಿನ ಬೆಸ ಸಂಖ್ಯೆ 2ಕೆ + 1. ಅದನ್ನು ಕೂಡಿದಾಗ ಮೊತ್ತ ಕೆ² + 2ಕೆ + 1, ಅಂದರೆ (ಕೆ + 1)². ಆದ್ದರಿಂದ ಹೇಳಿಕೆ ಕೆ + 1ಕ್ಕೂ ನಿಜ." ಐದು ವಾಕ್ಯ, ಅಷ್ಟೇ.

ಮೊದಲ ವಾಕ್ಯವನ್ನು ಎಷ್ಟೋ ಜನ ಶಾಸ್ತ್ರಕ್ಕೆಂದು ಬರೆಯುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಅದಿಲ್ಲದಿದ್ದರೆ ಏನಾಗುತ್ತದೆ ನೋಡಿ. ಮೊತ್ತ ಎನ್² + 5 ಎಂಬ ಸುಳ್ಳು ಹೇಳಿಕೆಯನ್ನು ತೆಗೆದುಕೊಳ್ಳಿ. ಕೆ² + 5ಕ್ಕೆ 2ಕೆ + 1 ಕೂಡಿದರೆ (ಕೆ + 1)² + 5. ಮುಂದಿನ ಹೆಜ್ಜೆ ಏನೂ ಅಡ್ಡಿಯಿಲ್ಲದೆ ದಾಟಿತು! ಸುಳ್ಳು ಸಿಕ್ಕಿಬೀಳುವುದು ಎನ್ = 1 ಹಾಕಿದಾಗ ಮಾತ್ರ; 1ರ ಬದಲು 6 ಬರುತ್ತದೆ.

ಇನ್ನೊಂದು ಕಡೆ ಎಚ್ಚರ ಬೇಕು. ಸಾಧಿಸಬೇಕಾದ ಸಮೀಕರಣವನ್ನೇ ಮೊದಲ ಸಾಲಿನಲ್ಲಿ ಬರೆದು, ಎರಡೂ ಕಡೆ ಸಂಕ್ಷೇಪಿಸುತ್ತಾ ಕೊನೆಗೆ 0 = 0 ಎಂದು ಮುಗಿಸುವವರಿದ್ದಾರೆ. ಅದು ಸಾಧನೆಯಲ್ಲ. ಎಡಗಡೆಯಿಂದ ಹೊರಡಿ, ಪ್ರತಿ ಸಾಲಿಗೂ ಕಾರಣ ಕೊಡುತ್ತಾ ಬಲಗಡೆಗೆ ತಲುಪಿ. √2 ಅಭಾಗಲಬ್ಧ ಸಂಖ್ಯೆ ಎಂಬ ಹತ್ತನೇ ತರಗತಿಯ ಸಾಧನೆಗೂ ಇದೇ ಮಾತು: ಪುಸ್ತಕ ಮುಚ್ಚಿಟ್ಟು ನಿಮ್ಮದೇ ವಾಕ್ಯಗಳಲ್ಲಿ ಬರೆಯಲು ಬರುವವರೆಗೆ ಅದು ನಿಮ್ಮದಾಗಿಲ್ಲ.

ಹಂತ 5: ದ್ವಿಪದವನ್ನು ಕನ್ನಡ ಪುಸ್ತಕದಲ್ಲಿ ಹುಡುಕಿ

ದ್ವಿಪದ ವಿಸ್ತರಣೆ ಎಂದೊಡನೆ ಹೆದರುವವರು ಛಂದಸ್ಸಿನ ಪಾಠವನ್ನು ನೆನಪಿಸಿಕೊಳ್ಳಿ. ಮೂರು ಅಕ್ಷರಗಳ ಅಕ್ಷರಗಣ ಎಂಟು, ಯಮಾತಾರಾಜಭಾನಸಲಗಂ ಎಂದು ಎಲ್ಲರೂ ಕಲಿತದ್ದೇ. ಅವನ್ನು ಗುರುಗಳ ಲೆಕ್ಕದಲ್ಲಿ ಗುಂಪು ಮಾಡಿ. ಗುರುವೇ ಇಲ್ಲದ್ದು ನಗಣ ಒಂದು. ಒಂದೇ ಗುರು ಇರುವವು ಭ, ಜ, ಸ ಮೂರು. ಎರಡು ಗುರು ಇರುವವು ಯ, ರ, ತ ಮೂರು. ಮೂರೂ ಗುರುವಾದದ್ದು ಮಗಣ ಒಂದು. 1, 3, 3, 1. ಈಗ (ಎ + ಬಿ)³ ವಿಸ್ತರಿಸಿ: ಎ³ + 3ಎ²ಬಿ + 3ಎಬಿ² + ಬಿ³. ಅದೇ ಸಂಖ್ಯೆಗಳು.

ಇದು ಆಕಸ್ಮಿಕವಲ್ಲ. (ಎ + ಬಿ)ಯನ್ನು ಮೂರು ಸಲ ಗುಣಿಸುವಾಗ ಪ್ರತಿ ಆವರಣದಿಂದಲೂ ಎ ಅಥವಾ ಬಿ ಒಂದನ್ನು ಆರಿಸಿಕೊಳ್ಳುತ್ತೇವೆ. ಗಣ ಕಟ್ಟುವಾಗ ಪ್ರತಿ ಸ್ಥಾನದಲ್ಲೂ ಲಘು ಅಥವಾ ಗುರು ಒಂದನ್ನು ಇಡುತ್ತೇವೆ. ಎರಡೂ ಒಂದೇ ಎಣಿಕೆ. ನಾಲ್ಕು ಅಕ್ಷರಗಳ 16 ವಿನ್ಯಾಸಗಳನ್ನೂ ಬರೆದು ಗುಂಪು ಮಾಡಿ ನೋಡಿ, 1, 4, 6, 4, 1 ಬರುತ್ತದೆ. ಪಿಂಗಳನ ಛಂದಃಶಾಸ್ತ್ರಕ್ಕೆ ಹತ್ತನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಈ ಸಂಖ್ಯೆಗಳನ್ನು ಮೇರುಪ್ರಸ್ತಾರವೆಂಬ ತ್ರಿಕೋನದಲ್ಲಿ ಜೋಡಿಸುವುದನ್ನು ವಿವರಿಸಿದ್ದಾನೆ. ಪಾಠಗಳಲ್ಲಿ ಅದಕ್ಕಿರುವ ಹೆಸರು 17ನೇ ಶತಮಾನದ ಪಾಸ್ಕಲ್‌ನದು. ಪ್ರತಿ ಸಂಖ್ಯೆಯೂ ಅದರ ತಲೆಯ ಮೇಲಿನ ಎರಡರ ಮೊತ್ತ. ಎಂಟನೇ ಸಾಲಿನವರೆಗೆ ಒಮ್ಮೆ ಬರೆದಿಟ್ಟುಕೊಂಡರೆ ಶಾಲೆಯ ಬಹುತೇಕ ಪ್ರಶ್ನೆಗಳಿಗೆ ಸಾಕು.

ತ್ರಿಕೋನವಿಲ್ಲದೆ ನೇರವಾಗಿ ಬೇಕೆಂದರೆ ವಿಕಲ್ಪಗಳ ನಿಯಮವಿದೆ. 6 ವಸ್ತುಗಳಿಂದ 2ನ್ನು ಆರಿಸುವ ವಿಧಗಳು (6 × 5) ÷ (1 × 2) = 15. ಈ ನಿಯಮವನ್ನು ಸಾರ್ವತ್ರಿಕ ರೂಪದಲ್ಲಿ ಕೊಟ್ಟವನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, 9ನೇ ಶತಮಾನದ ತನ್ನ ಗಣಿತಸಾರಸಂಗ್ರಹದಲ್ಲಿ. ನಮ್ಮ ನೆಲದ ಅರಸನ ಆಶ್ರಯದಲ್ಲಿ ಬೆಳೆದ ಲೆಕ್ಕವಿದು ಎಂಬುದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಈಗ ವಿಸ್ತರಣೆ. (2ಎಕ್ಸ್ − 3)⁴ ತೆಗೆದುಕೊಳ್ಳಿ. ತ್ರಿಕೋನದಿಂದ ಸಿಗುವ ಸಹಗುಣಕಗಳು (ಪದಗಳನ್ನು ಗುಣಿಸುವ ಸಂಖ್ಯೆಗಳು) 1, 4, 6, 4, 1. ಘಾತ ಏರಿಸುವಾಗ 2ಎಕ್ಸ್‌ಗೆ ಆವರಣ ಹಾಕಿ, −3ಕ್ಕೂ ಹಾಕಿ. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಆವರಣ ಮರೆತಾಗಲೇ. ಉತ್ತರ: 16ಎಕ್ಸ್⁴ − 96ಎಕ್ಸ್³ + 216ಎಕ್ಸ್² − 216ಎಕ್ಸ್ + 81. ಸರಿಯೋ ತಪ್ಪೋ ನೋಡಲು ಹಿಂದಿನ ಪುಟದ ಉತ್ತರ ಬೇಕಿಲ್ಲ. ಎಕ್ಸ್ = 1 ಹಾಕಿ. ಪ್ರಶ್ನೆಯಲ್ಲಿ (−1)⁴ = 1. ಉತ್ತರದಲ್ಲಿ 16 − 96 + 216 − 216 + 81 = 1. ಸರಿಹೊಂದಿತು. ಮೊದಲ ಪದವನ್ನು 2ಎಕ್ಸ್⁴ ಎಂದು ಬರೆದಿದ್ದರೆ −13 ಬಂದು ತಪ್ಪು ಆಗಲೇ ಬಯಲಾಗುತ್ತಿತ್ತು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಪ್ರತಿ ವಿಸ್ತರಣೆಗೂ ಮಾಡಿ.

'ಎಕ್ಸ್ ಇಲ್ಲದ ಪದ ಕಂಡುಹಿಡಿಯಿರಿ' ಎಂಬ ಪ್ರಶ್ನೆಗೆ ಪೂರ್ತಿ ವಿಸ್ತರಿಸುವ ಅಗತ್ಯವಿಲ್ಲ. (ಎಕ್ಸ್ + 1/ಎಕ್ಸ್)⁶ರಲ್ಲಿ ಮೂರು ಎಕ್ಸ್, ಮೂರು 1/ಎಕ್ಸ್ ಸೇರಿದಾಗ ಮಾತ್ರ ಎಕ್ಸ್ ಮಾಯವಾಗುತ್ತದೆ. ಆರರಿಂದ ಮೂರನ್ನು ಆರಿಸುವ ವಿಧಗಳು 20. ಅದೇ ಉತ್ತರ.

ಹಂತ 6: ವೃತ್ತದ ಒಗಟನ್ನು ಬಿಡಿಸಿ

ಮೂರನೇ ಹಂತದ 31ಕ್ಕೆ ಈಗ ಕಾರಣ ಹುಡುಕಬಹುದು. ಖಾಲಿ ವೃತ್ತ ಒಂದು ಭಾಗ. ಜ್ಯಾಗಳನ್ನು ಒಂದೊಂದಾಗಿ ಎಳೆಯಿರಿ. ಹೊಸ ಜ್ಯಾ ಹಳೆಯ ಯಾವುದನ್ನೂ ಛೇದಿಸದಿದ್ದರೆ ಒಂದು ಭಾಗ ಹೆಚ್ಚುತ್ತದೆ. ಛೇದಿಸಿದರೆ ಪ್ರತಿ ಛೇದನಕ್ಕೂ ಇನ್ನೊಂದು ಹೆಚ್ಚುತ್ತದೆ. ಹಾಗಾಗಿ ಭಾಗಗಳು ಎಂದರೆ 1 + ಜ್ಯಾಗಳ ಸಂಖ್ಯೆ + ಛೇದನಬಿಂದುಗಳ ಸಂಖ್ಯೆ. ಎರಡು ಬಿಂದು ಆರಿಸಿದರೆ ಒಂದು ಜ್ಯಾ, ನಾಲ್ಕು ಬಿಂದು ಆರಿಸಿದರೆ ವೃತ್ತದೊಳಗೆ ಒಂದೇ ಒಂದು ಛೇದನ. ಆರು ಬಿಂದುಗಳಿಗೆ 1 + 15 + 15 = 31. ಏಳಕ್ಕೆ 1 + 21 + 35 = 57. ಹತ್ತಕ್ಕೆ 1 + 45 + 210 = 256, ವಿಚಿತ್ರವೆಂದರೆ ಮತ್ತೆ ಎರಡರ ಘಾತ! ಶ್ರೇಢಿ, ಊಹೆ, ಸಾಧನೆ, ವಿಕಲ್ಪ ನಾಲ್ಕೂ ಒಂದೇ ಚಿತ್ರದಲ್ಲಿ ಕೂಡಿದ ಪ್ರಶ್ನೆ ಎಂದು ನನಗೆ ಇದು ಬಲು ಇಷ್ಟ.

ವಾರದ ಅಭ್ಯಾಸ

ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡಬೇಡಿ. ಯಾವ ದಾರಿ ಹಿಡಿಯಬೇಕೆಂದು ಯೋಚಿಸುವ ಕೆಲಸವೇ ಅಲ್ಲಿ ತಪ್ಪಿಹೋಗುತ್ತದೆ. ಶ್ರೇಢಿಯದೊಂದು, ಸಾಧನೆಯದೊಂದು, ವಿಸ್ತರಣೆಯದೊಂದು ಹೀಗೆ ಬೆರೆಸಿ. ಬಿಡಿಸಿದ ಉತ್ತರ ನೋಡಿದ್ದರೆ ಮರುದಿನ ನೋಡದೆ ಮತ್ತೆ ಬರೆಯಿರಿ. ಆರಂಭಕ್ಕೆ ಇವನ್ನು ತೆಗೆದುಕೊಳ್ಳಿ.

7ರಿಂದ ಭಾಗವಾಗುವ ಮೂರಂಕಿಯ ಎಲ್ಲ ಸಂಖ್ಯೆಗಳ ಮೊತ್ತವೆಷ್ಟು? ಅಂಥವು 128 ಇವೆ ಎಂಬಲ್ಲಿಗೆ ತಲುಪಿದರೆ ದಾರಿ ಸರಿಯಿದೆ, ಮೊತ್ತ 70,336.

(3ಎಕ್ಸ್ − 1)⁵ರ ಎಲ್ಲ ಸಹಗುಣಕಗಳ ಮೊತ್ತ ಎಷ್ಟು? ವಿಸ್ತರಿಸದೆ ಹೇಳಿ. ಉತ್ತರ 32.

4ರ ಯಾವ ಘಾತದಿಂದ 1 ಕಳೆದರೂ 3ರಿಂದ ಭಾಗವಾಗುತ್ತದೆ ಎಂದು ಎರಡು ಬಗೆಯಲ್ಲಿ ಸಾಧಿಸಿ: ಒಮ್ಮೆ ಅನುಗಮನದಿಂದ, ಒಮ್ಮೆ 4ನ್ನು 3 + 1 ಎಂದು ಬರೆದು ದ್ವಿಪದ ವಿಸ್ತರಣೆಯಿಂದ.

ಕೊನೆಯದು ಸ್ವಲ್ಪ ಗಟ್ಟಿ. 1³, 1³ + 2³, 1³ + 2³ + 3³ ಹೀಗೆ ಘನಗಳನ್ನು ಕೂಡುತ್ತಾ ಹೋದರೆ 1, 9, 36, 100 ಬರುತ್ತವೆ. ಇವು ಯಾವುದರ ವರ್ಗಗಳು? ಆರ್ಯಭಟ 499ರಲ್ಲಿ ಇದರ ನಿಯಮವನ್ನು ಶ್ಲೋಕದಲ್ಲಿ ಹೇಳಿದ್ದಾನೆ, ಸಾಧನೆ ಕೊಟ್ಟಿಲ್ಲ. ನೀವು ಬರೆಯಿರಿ.